ನಾಯಿಯ ಬೂಸ್ಟರ್ ಲಸಿಕೆ: ಕಾರ್ಡ್ ಒಂದೇ, ಗಡಿಯಾರ ನಾಲ್ಕು

"ವ್ಯಾಕ್ಸಿನ್ ಎಲ್ಲಾ ಆಗಿದೆ ತಾನೇ?" ಅಂತ ಯಾರಾದರೂ ಕೇಳಿದರೆ "ಓ, ಎಲ್ಲಾ ಆಗಿದೆ" ಅನ್ನುವ ಉತ್ತರ ನಾಯಿ ಸಾಕಿದವರ ಬಾಯಲ್ಲಿ ಸದಾ ಸಿದ್ಧವಾಗಿರುತ್ತದೆ. ನಾನೂ ಹಾಗೇ ಹೇಳಿಕೊಂಡು ಓಡಾಡಿದವನೇ. ನಮ್ಮ ಗುಂಡನಿಗೆ ಐದು ವರ್ಷ ತುಂಬಿದಾಗ ಅವನನ್ನು ನಾಲ್ಕು ದಿನ ಬೋರ್ಡಿಂಗ್‌ನಲ್ಲಿ ಬಿಡಬೇಕಾಗಿ ಬಂತು. ಕೌಂಟರಿನಲ್ಲಿದ್ದ ಹುಡುಗಿ ಕಾರ್ಡ್ ತಿರುವಿ ಹಾಕಿ, "ಸರ್, ರೇಬೀಸ್ ಸರಿಯಿದೆ. ಲೆಪ್ಟೋ ಯಾವಾಗ ಹಾಕಿಸಿದ್ರಿ? ಕೆನಲ್ ಕಾಫ್ ಆಗಿದೆಯಾ?" ಅಂದಳು. ನಾನು ಕಾರ್ಡಿನ ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಅಲ್ಲಿ ಇದ್ದದ್ದು ಒಂದು ತಾರೀಖು, 'ವ್ಯಾಕ್ಸಿನೇಟೆಡ್' ಅನ್ನುವ ಒಂದು ಪದ, ಅದರ ಪಕ್ಕ ಕೋಳಿ ಕೆದಕಿದ ಹಾಗಿನ ಒಂದು ಸಹಿ. ಯಾವ ಲಸಿಕೆ, ಯಾವ ಬ್ಯಾಚು, ಎಷ್ಟು ದಿನಕ್ಕೆ, ಒಂದೂ ಇಲ್ಲ. ಬ್ಯಾಗು, ಹಾಸಿಗೆ, ಗುಂಡ, ಮೂರನ್ನೂ ಹೊತ್ತು ವಾಪಸ್ ಬಂದೆ.

ಆವತ್ತು ಅರ್ಥವಾದದ್ದು ಇಷ್ಟು: ನಾಯಿಗೆ 'ಲಸಿಕೆ' ಅನ್ನುವ ಒಂದೇ ವಸ್ತು ಇಲ್ಲ. ಒಂದೇ ಕಾರ್ಡಿನೊಳಗೆ ಮೂರು ನಾಲ್ಕು ಗಡಿಯಾರಗಳು ಬೇರೆ ಬೇರೆ ವೇಗದಲ್ಲಿ ಓಡುತ್ತಿರುತ್ತವೆ. ಯಾವುದು ಎಲ್ಲಿಗೆ ಬಂದಿದೆ ಅಂತ ಗೊತ್ತಿದ್ದರೆ ಉಳಿದದ್ದೆಲ್ಲ ಬರೀ ಲೆಕ್ಕ. ಈ ಬರಹ ಆ ಲೆಕ್ಕದ್ದು. ಇಂಜೆಕ್ಷನ್ ಕೊಡುವುದು ಪಶುವೈದ್ಯರ ಕೆಲಸ, ಲೆಕ್ಕ ಇಡುವುದು ನಮ್ಮದು.

ಹೆಜ್ಜೆ 1: ಕಾರ್ಡ್ ತೆಗೆದು ಓದಿ, ನಿಜವಾಗಿ ಓದಿ

ಲಸಿಕೆ ಕಾರ್ಡಿನಲ್ಲಿ ನೋಡಬೇಕಾದದ್ದು ಕೈಬರಹಕ್ಕಿಂತ ಮೊದಲು ಸ್ಟಿಕ್ಕರ್. ಲಸಿಕೆಯ ಪುಟ್ಟ ಬಾಟಲಿಯ ಮೇಲಿಂದ ಕಿತ್ತು ಅಂಟಿಸುವ ಆ ಚೀಟಿಯಲ್ಲಿ ಹೆಸರು, ಬ್ಯಾಚ್ ನಂಬರ್, ಎಕ್ಸ್‌ಪೈರಿ ದಿನಾಂಕ ಮೂರೂ ಇರುತ್ತವೆ. ಹೆಸರಿನ ಜೊತೆಗಿರುವ ಅಕ್ಷರಗಳು ಒಳಗೇನಿದೆ ಅಂತ ಹೇಳುತ್ತವೆ. 'ಡಿ' ಅಂದರೆ ಡಿಸ್ಟೆಂಪರ್, ಶ್ವಾಸ, ಹೊಟ್ಟೆ, ನರ ಮೂರನ್ನೂ ಕೆಡಿಸುವ ವೈರಸ್ ರೋಗ. 'ಎಚ್' ಅಂದರೆ ಹೆಪಟೈಟಿಸ್, ಅಂದರೆ ಅಡಿನೋವೈರಸ್‌ನಿಂದ ಬರುವ ಲಿವರ್ ರೋಗ. ಕೆಲವು ಕಂಪನಿಗಳು ಇದನ್ನೇ 'ಎ' ಅಂತ ಹಾಕುತ್ತವೆ. 'ಪಿ' ಪಾರ್ವೋ, ಮರಿಗಳ ಜೀವಕ್ಕೇ ಕುತ್ತು ತರುವ ವಾಂತಿಭೇದಿಯ ವೈರಸ್. 'ಪಿಐ' ಪ್ಯಾರಾಇನ್‌ಫ್ಲುಯೆಂಜಾ, ಕೆಮ್ಮು ತರುವ ವೈರಸ್. 'ಎಲ್' ಲೆಪ್ಟೋಸ್ಪೈರೋಸಿಸ್, ನಮ್ಮ ಮಾತಿನಲ್ಲಿ ಇಲಿಜ್ವರ. 'ಎಲ್' ಪಕ್ಕ 2 ಅಥವಾ 4 ಅಂತ ಇದ್ದರೆ ಅದು ಎಷ್ಟು ಬಗೆಯ ಲೆಪ್ಟೋ ಬ್ಯಾಕ್ಟೀರಿಯಾದ ವಿರುದ್ಧ ಅನ್ನುವ ಲೆಕ್ಕ. 'ಆರ್' ರೇಬೀಸ್. 'ಸಿ' ಅಥವಾ 'ಸಿವಿ' ಇದ್ದರೆ ಕೊರೋನಾ. ಇದು ನಾಯಿಯ ಹೊಟ್ಟೆಗೆ ಸಂಬಂಧಿಸಿದ ಹಳೆಯ ಕೊರೋನಾ, ಮನುಷ್ಯರ ಕೋವಿಡ್‌ಗೂ ಇದಕ್ಕೂ ಸಂಬಂಧವಿಲ್ಲ.

'ಸೆವೆನ್ ಇನ್ ಒನ್', 'ನೈನ್ ಇನ್ ಒನ್' ಅನ್ನುವ ಮಾತುಗಳನ್ನು ನಾನು ನಂಬುವುದಿಲ್ಲ. ಲೆಪ್ಟೋದ ಒಂದೊಂದು ಬಗೆಯನ್ನೂ ಬೇರೆ ಬೇರೆ ಎಣಿಸಿ ಸಂಖ್ಯೆ ಬೆಳೆಸಿರುತ್ತಾರೆ. ಒಂಬತ್ತು ಅಂದಾಕ್ಷಣ ಒಂಬತ್ತು ರೋಗ ಅಂತಲ್ಲ. ಅಕ್ಷರ ಓದಿ, ಅಂಕಿ ಬಿಡಿ.

ಇನ್ನೊಂದು ಸೂಕ್ಷ್ಮ ಇದೆ, ಬಹಳ ಜನರ ಕಣ್ಣಿಗೆ ಬೀಳುವುದಿಲ್ಲ. ಹಲವು ಕಂಪನಿಗಳ ಲಸಿಕೆ ಎರಡು ಬಾಟಲಿಯಲ್ಲಿ ಬರುತ್ತದೆ. ಒಂದರಲ್ಲಿ ಬಿಳಿ ಬಿಲ್ಲೆಯ ಹಾಗಿರುವ ಒಣಗಿಸಿದ ಲಸಿಕೆ, ಅದು ಡಿಸ್ಟೆಂಪರ್, ಪಾರ್ವೋ ಇತ್ಯಾದಿ. ಇನ್ನೊಂದರಲ್ಲಿ ದ್ರವ. ಆ ದ್ರವ ಬರೀ ಕರಗಿಸುವ ನೀರಾಗಿರಬಹುದು, ಲೆಪ್ಟೋ ಲಸಿಕೆಯೇ ಆಗಿರಬಹುದು. ಲೆಪ್ಟೋ ಆಗಿದ್ದರೆ ಕಾರ್ಡಿನಲ್ಲಿ ಅದರದ್ದೂ ಸೇರಿ ಎರಡು ಸ್ಟಿಕ್ಕರ್ ಇರಬೇಕು. ಒಂದೇ ಇದ್ದರೆ ಲೆಪ್ಟೋ ಬಿದ್ದಿದೆಯೋ ಇಲ್ಲವೋ ಅಂತ ಕೇಳಿ ಖಚಿತ ಮಾಡಿಕೊಳ್ಳಿ. ಗುಂಡನ ಕಾರ್ಡಿನಲ್ಲಿ ಮುಂದೆ ನಾನು ಮೊದಲು ಹುಡುಕಲು ಕಲಿತದ್ದೇ ಈ ಎರಡನೇ ಚೀಟಿಯನ್ನು.

ಓದಿದ್ದನ್ನು ಒಂದು ನೋಟ್‌ಬುಕ್ಕಿನಲ್ಲೋ ಫೋನಿನಲ್ಲೋ ರೋಗದ ಹೆಸರಿನ ಪ್ರಕಾರ ಬರೆದುಕೊಳ್ಳಿ. ಕಾರ್ಡ್ ತಾರೀಖಿನ ಪ್ರಕಾರ ಇರುತ್ತದೆ, ನಿಮಗೆ ಬೇಕಾದದ್ದು ರೋಗದ ಪ್ರಕಾರ. ನನ್ನ ಪುಸ್ತಕದಲ್ಲಿ ಒಂದು ಸಾಲು ಹೀಗಿದೆ: 'ಲೆಪ್ಟೋ 4. ಕೊನೆಯ ಸಲ ಜೂನ್ 3. ಅವಧಿ ಒಂದು ವರ್ಷ. ಬಲ ಹೆಗಲು. ಮರುದಿನ ಮಧ್ಯಾಹ್ನದವರೆಗೆ ಮಂಕು, ಆಮೇಲೆ ಸರಿ.' ಸ್ಟಿಕ್ಕರ್ ಇಲ್ಲದ ಸಾಲುಗಳಿದ್ದರೆ ಲಸಿಕೆ ಹಾಕಿದ ಕ್ಲಿನಿಕ್ಕಿಗೆ ಫೋನ್ ಮಾಡಿ ದಾಖಲೆ ಕೇಳಿ. ಅಲ್ಲೂ ಸಿಗದಿದ್ದರೆ ಆ ಲಸಿಕೆ ಆಗಿಲ್ಲ ಅಂತಲೇ ಲೆಕ್ಕ ಹಿಡಿಯುವುದು ಕ್ಷೇಮ.

ಹೆಜ್ಜೆ 2: ಯಾವ ಗಡಿಯಾರ ಎಷ್ಟು ವೇಗ

ಜಗತ್ತಿನ ಸಣ್ಣ ಪ್ರಾಣಿ ವೈದ್ಯರ ಒಕ್ಕೂಟ, ಅಂದರೆ ಡಬ್ಲ್ಯುಎಸ್‌ಎವಿಎ, ಲಸಿಕೆಗಳ ಬಗ್ಗೆ ಆಗಾಗ ಮಾರ್ಗಸೂಚಿ ಹೊರಡಿಸುತ್ತದೆ. 2024ರ ಆವೃತ್ತಿಯೂ ಇದೆ. ಅದು ಲಸಿಕೆಗಳನ್ನು ಎಲ್ಲ ನಾಯಿಗೂ ಬೇಕಾದವು, ನಾಯಿಯ ಬದುಕು ನೋಡಿ ಹಾಕಬೇಕಾದವು ಅಂತ ಬೇರ್ಪಡಿಸುತ್ತದೆ.

ಮೊದಲ ಗಡಿಯಾರ ನಿಧಾನದ್ದು: ಡಿಸ್ಟೆಂಪರ್, ಅಡಿನೋ, ಪಾರ್ವೋ. ಈ ಮೂರೂ ಸಾಮಾನ್ಯವಾಗಿ ಜೀವಂತ ಲಸಿಕೆ, ಅಂದರೆ ದುರ್ಬಲಗೊಳಿಸಿದ ವೈರಸ್. ಅದು ನಾಯಿಯ ಮೈಯಲ್ಲಿ ಸ್ವಲ್ಪ ಬೆಳೆದು ದೇಹಕ್ಕೆ ನಿಜವಾದ ಸೋಂಕಿನ ಹಾಗೆಯೇ ಪಾಠ ಕಲಿಸುತ್ತದೆ. ಹಾಗಾಗಿ ನೆನಪು ವರ್ಷಗಟ್ಟಲೆ ನಿಲ್ಲುತ್ತದೆ. ಮರಿಯಲ್ಲಿ ಸರಿಯಾಗಿ ಆಗಿ, ಒಂದು ಬೂಸ್ಟರ್ ಆದ ಮೇಲೆ ಇವನ್ನು ಮೂರು ವರ್ಷಕ್ಕಿಂತ ಬೇಗ ಬೇಗ ಹಾಕುವ ಅಗತ್ಯ ಇಲ್ಲ ಅನ್ನುತ್ತದೆ ಆ ಮಾರ್ಗಸೂಚಿ. ಆದರೂ ಪ್ರತಿ ವರ್ಷ ಎಲ್ಲವನ್ನೂ ಒಟ್ಟಿಗೆ ಚುಚ್ಚುವ ರೂಢಿ ಎಷ್ಟೋ ಕಡೆ ಉಳಿದುಕೊಂಡಿದೆ. ಅದರಿಂದ ನಾಯಿಗೆ ದೊಡ್ಡ ಅಪಾಯ ಅಂತೇನೂ ಅಲ್ಲ, ಆದರೆ ಬೇಡದ್ದನ್ನು ಯಾಕೆ ಹಾಕಿಸಬೇಕು? ನಿಮ್ಮ ಡಾಕ್ಟರರನ್ನು ಕೇಳಿ, "ಈ ವರ್ಷ ಇದು ಬೇಕಾ ಸರ್, ಕಳೆದ ವರ್ಷ ಆಗಿದೆಯಲ್ಲ?" ಅಂತ. ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಆ ಲಸಿಕೆಯ ಲೇಬಲ್ಲು ವರ್ಷಕ್ಕೊಮ್ಮೆ ಅನ್ನುತ್ತಿದ್ದರೆ ಅದನ್ನೂ ಅವರೇ ಹೇಳುತ್ತಾರೆ.

ಎರಡನೆಯದು ರೇಬೀಸ್. ಇದು ಕೊಂದ ವೈರಸ್‌ನಿಂದ ಮಾಡಿದ ಲಸಿಕೆ. ಮರಿಗೆ 12 ವಾರ ಆದ ಮೇಲೆ ಮೊದಲ ಡೋಸ್, ಒಂದು ವರ್ಷಕ್ಕೆ ಬೂಸ್ಟರ್, ಆಮೇಲೆ ಲಸಿಕೆಯ ಪರವಾನಗಿ ನೋಡಿಕೊಂಡು ವರ್ಷಕ್ಕೊಮ್ಮೆ ಅಥವಾ ಮೂರು ವರ್ಷಕ್ಕೊಮ್ಮೆ. ಈ ಗಡಿಯಾರದಲ್ಲಿ ವಿಜ್ಞಾನಕ್ಕಿಂತ ಕಾನೂನಿನ ಮಾತು ದೊಡ್ಡದು. ಲೇಬಲ್ಲಿನಲ್ಲಿ ಮೂರು ವರ್ಷ ಅಂತಿದ್ದರೂ ನೀವಿರುವ ಕಡೆಯ ಕಾನೂನು ವರ್ಷಕ್ಕೊಮ್ಮೆ ಅಂದರೆ ವರ್ಷಕ್ಕೊಮ್ಮೆಯೇ. ಮನುಷ್ಯರಿಗೆ ಬರುವ ರೇಬೀಸ್‌ನಲ್ಲಿ ನೂರಕ್ಕೆ 99ರಷ್ಟು ಬರುವುದು ನಾಯಿಯಿಂದ, ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ವಿರಳ. ಇಲ್ಲಿ ಮಾತ್ರ ನಾನು ಯಾವ ಚೌಕಾಸಿಗೂ ಇಳಿಯುವುದಿಲ್ಲ. ದಿನ ಬಂತೆಂದರೆ ಹೋಗಿ ಹಾಕಿಸಿಬಿಡುವುದು.

ಮೂರನೆಯದು ಲೆಪ್ಟೋ, ವೇಗದ ಗಡಿಯಾರ. ವೈರಸ್ ಅಲ್ಲ, ಬ್ಯಾಕ್ಟೀರಿಯಾ; ಲಸಿಕೆಯೂ ಕೊಂದ ಬ್ಯಾಕ್ಟೀರಿಯಾದ್ದು. ಇದರ ರಕ್ಷಣೆಯನ್ನು ಒಂದು ವರ್ಷದಷ್ಟು ಅಂತ ಲೆಕ್ಕ ಹಿಡಿಯುತ್ತಾರೆ. ಮೊದಲ ಸಲ 2ರಿಂದ 4 ವಾರದ ಅಂತರದಲ್ಲಿ ಎರಡು ಡೋಸ್, ಆಮೇಲೆ ತಪ್ಪದೆ ಪ್ರತಿ ವರ್ಷ. ರೋಗ ಹರಡುವುದು ಇಲಿ ಮತ್ತಿತರ ಪ್ರಾಣಿಗಳ ಮೂತ್ರ ಸೇರಿದ ನೀರು, ಕೆಸರಿನಿಂದ. ನಾಯಿಯಿಂದ ಮನುಷ್ಯರಿಗೂ ದಾಟುತ್ತದೆ. ಲೆಪ್ಟೋ ಇರುವ ಪ್ರದೇಶಗಳಲ್ಲಿ ಇದನ್ನೂ ಎಲ್ಲ ನಾಯಿಗೂ ಬೇಕಾದ ಲಸಿಕೆ ಅಂತಲೇ ಈಗ ಪರಿಗಣಿಸುತ್ತಾರೆ. 'ನಮ್ಮ ನಾಯಿ ಹೊರಗೇ ಹೋಗಲ್ಲ' ಅನ್ನುವವರಿಗೆ ನನ್ನ ಒಂದೇ ಪ್ರಶ್ನೆ: ಇಲಿ ಒಳಗೇ ಬರಲ್ವಾ?

ನಾಲ್ಕನೆಯದು ಕೆನಲ್ ಕಾಫ್, ನಾಯಿಯಿಂದ ನಾಯಿಗೆ ಹರಡುವ ಕೆಮ್ಮು. ಬೊರ್ಡೆಟೆಲ್ಲಾ ಬ್ಯಾಕ್ಟೀರಿಯಾ ಮತ್ತು ಪ್ಯಾರಾಇನ್‌ಫ್ಲುಯೆಂಜಾ ಇದರ ಮುಖ್ಯ ಕಾರಣಗಳು. ಬೋರ್ಡಿಂಗ್, ಗ್ರೂಮಿಂಗ್, ಟ್ರೈನಿಂಗ್ ಕ್ಲಾಸ್, ಡಾಗ್ ಶೋ ಅಂತ ಬೇರೆ ನಾಯಿಗಳ ಜೊತೆ ಸೇರುವ ನಾಯಿಗೆ ಬೇಕು, ವರ್ಷಕ್ಕೊಮ್ಮೆ. ಮೂಗಿಗೆ ಹನಿ ಹಾಕುವುದು, ಬಾಯಿಗೆ ಕೊಡುವುದು, ಚುಚ್ಚುವುದು ಅಂತ ಮೂರು ಬಗೆ ಇದೆ. ಮೂಗಿನದ್ದು ಒಂದೇ ಡೋಸಿಗೆ ಸಾಕು, ಬೊರ್ಡೆಟೆಲ್ಲಾ ವಿರುದ್ಧ ಸುಮಾರು 3 ದಿನದಲ್ಲೇ ಕೆಲಸ ಶುರು ಮಾಡುತ್ತದೆ. ಚುಚ್ಚುವುದಾದರೆ ಮೊದಲ ಸಲ ಎರಡು ಡೋಸ್ ಬೇಕು, ರಕ್ಷಣೆ ಸಿಗಲು ವಾರಗಳೇ ಹಿಡಿಯುತ್ತವೆ. ರಜೆಗೆ ಹೊರಡುವ ಹಿಂದಿನ ದಿನ ಓಡಿ ಹೋಗಿ ಹಾಕಿಸಿದರೆ ಯಾವುದೂ ಉಪಯೋಗಕ್ಕಿಲ್ಲ.

ಉಣ್ಣಿ ಹುಳದಿಂದ (ಉಣುಗಿನಿಂದ) ಹರಡುವ ಲೈಮ್ ರೋಗ, ನಾಯಿಯ ಫ್ಲೂ, ಇವೆರಡರ ಲಸಿಕೆ ಆ ರೋಗ ಇರುವ ಪ್ರದೇಶದಲ್ಲಿ ಮಾತ್ರ. ಕೊರೋನಾ ಲಸಿಕೆಯನ್ನು ಮಾರ್ಗಸೂಚಿ ಶಿಫಾರಸು ಮಾಡುವುದೇ ಇಲ್ಲ.

ಹೆಜ್ಜೆ 3: ನಿಮ್ಮ ನಾಯಿ ಯಾವ ಹಂತದಲ್ಲಿದೆ?

ಮರಿಗಳ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. 6, 9, 12ನೇ ವಾರದಲ್ಲಿ ಹಾಕುವುದನ್ನೆಲ್ಲ 'ಮೊದಲ ಬೂಸ್ಟರ್, ಎರಡನೇ ಬೂಸ್ಟರ್' ಅಂತ ಕರೆಯುತ್ತಾರೆ. ಜೀವಂತ ಲಸಿಕೆಗಳ ಮಟ್ಟಿಗೆ ಅವು ಬೂಸ್ಟರ್ ಅಲ್ಲ, ಮತ್ತೆ ಮತ್ತೆ ಮಾಡುವ ಪ್ರಯತ್ನ. ಹುಟ್ಟಿದ ಮರಿಗೆ ತಾಯಿಯ ಮೊದಲ ಹಾಲಿನಿಂದ ಪ್ರತಿಕಾಯಗಳು ಬರುತ್ತವೆ. ಮನೆ ಕಾಯಲು ತಾಯಿ ಕಳಿಸಿಕೊಟ್ಟ ಕಾವಲುಗಾರರು ಅಂತಿಟ್ಟುಕೊಳ್ಳಿ. ತೊಂದರೆ ಏನೆಂದರೆ ಇವರು ಲಸಿಕೆಯ ವೈರಸ್ಸನ್ನೂ ಕಳ್ಳನೆಂದೇ ತಿಳಿದು ಬಾಗಿಲಲ್ಲೇ ಬಡಿದು ಕಳಿಸುತ್ತಾರೆ, ಮರಿಯ ಸ್ವಂತ ದೇಹ ಏನೂ ಕಲಿಯುವುದಿಲ್ಲ. ಈ ಕಾವಲು ಯಾವ ವಾರ ಕರಗುತ್ತದೆ ಅಂತ ಹೇಳಲಾಗದು, ಒಂದೇ ಸೂಲಿನ ಎರಡು ಮರಿಗಳಲ್ಲೇ ಬೇರೆ ಬೇರೆ. ಅದಕ್ಕೇ 6ರಿಂದ 8 ವಾರದಲ್ಲಿ ಶುರು ಮಾಡಿ, 2ರಿಂದ 4 ವಾರಕ್ಕೊಮ್ಮೆ ಹಾಕುತ್ತಾ ಹೋಗುವುದು. ಎಷ್ಟು ಡೋಸ್ ಅನ್ನುವುದಕ್ಕಿಂತ ಕೊನೆಯ ಡೋಸ್ ಯಾವಾಗ ಅನ್ನುವುದು ಮುಖ್ಯ. ಅದು 16 ವಾರಕ್ಕೆ ಅಥವಾ ಆಮೇಲೆ ಬಿದ್ದಿರಬೇಕು. 'ಮೂರು ಡೋಸ್ ಆಯ್ತು, ಕೋರ್ಸ್ ಮುಗೀತು' ಅಂತ 12ನೇ ವಾರಕ್ಕೆ ನಿಲ್ಲಿಸಿದ ಮರಿಗಳಲ್ಲಿ ಪಾರ್ವೋ ಬಂದಾಗ ಜನ ಲಸಿಕೆಯನ್ನು ಬೈಯುತ್ತಾರೆ. ಬೈಗುಳ ಕ್ಯಾಲೆಂಡರಿಗೆ ಸಲ್ಲಬೇಕಿತ್ತು.

ಅದಾದ ಮೇಲಿನ ಡೋಸನ್ನು ಹಿಂದೆ ಒಂದು ವರ್ಷ ತುಂಬಿದಾಗ ಕೊಡುತ್ತಿದ್ದರು, ಈಗಲೂ ಬಹಳ ಕಡೆ ಹಾಗೇ. ಮಾರ್ಗಸೂಚಿ ಅದನ್ನು 26 ವಾರಕ್ಕೆ, ಅಂದರೆ ಆರು ತಿಂಗಳ ಆಸುಪಾಸಿಗೆ ಎಳೆದು ತಂದಿದೆ. ತರ್ಕ ಸರಳ: 16ನೇ ವಾರದ ಡೋಸೂ ಹಿಡಿಯದ ಮರಿಗಳು ಕೆಲವು ಇರುತ್ತವೆ. ಅವನ್ನು ಒಂದು ವರ್ಷದವರೆಗೆ ಬರಿಗೈಯಲ್ಲಿ ಬಿಡುವುದು ಯಾಕೆ?

ದೊಡ್ಡ ನಾಯಿ, ಕಾರ್ಡ್ ಸರಿಯಿದೆ ಅಂದರೆ ಹೆಜ್ಜೆ 2ರ ಲೆಕ್ಕ ಅಷ್ಟೇ.

ಬೀದಿಯಿಂದಲೋ ಇನ್ನೊಬ್ಬರ ಮನೆಯಿಂದಲೋ ಬಂದ, ಹಿನ್ನೆಲೆ ಗೊತ್ತಿಲ್ಲದ ದೊಡ್ಡ ನಾಯಿಗೆ ಏನೂ ಆಗಿಲ್ಲ ಅಂತಲೇ ಹೊರಡಿ. ತಾಯಿಯ ಕಾವಲು ಕರಗಿ ಕಾಲವಾಗಿರುವುದರಿಂದ ಜೀವಂತ ಲಸಿಕೆ ಒಂದು ಡೋಸಿಗೇ ಹಿಡಿಯುತ್ತದೆ, ಆದರೂ ಲೇಬಲ್ಲಿನ ಪ್ರಕಾರ ಎರಡು ಹಾಕುವ ವೈದ್ಯರಿದ್ದಾರೆ, ಅದೂ ಸರಿಯೇ. ಲೆಪ್ಟೋ ಮಾತ್ರ ಎರಡು ಕಡ್ಡಾಯ. ರೇಬೀಸ್ ಒಂದು, ವರ್ಷಕ್ಕೆ ಇನ್ನೊಂದು. ಒಂದು ವೇಳೆ ಮೊದಲೇ ಆಗಿದ್ದು ನಾವು ಮತ್ತೆ ಹಾಕಿಸಿದೆವು ಅಂತಾದರೂ ಗಾಬರಿ ಬೇಡ. ಹೆಚ್ಚಾಗಿ ಆದ ಒಂದು ಡೋಸ್, ಆಗದೇ ಹೋದ ಒಂದು ಡೋಸಿಗಿಂತ ಎಷ್ಟೋ ಮೇಲು.

ಹೆಜ್ಜೆ 4: ಕ್ಯಾಲೆಂಡರಿಗೆ ಹಾಕುವುದು

'ನೆಕ್ಸ್ಟ್ ಡ್ಯೂ' ಅಂತ ಕಾರ್ಡಿನಲ್ಲಿ ಬರೆದಿರುವ ದಿನವನ್ನು ಜನ ಆ ದಿನ ಹೊರಡಬೇಕು ಅಂತ ಓದುತ್ತಾರೆ. ನಾನು ಅದನ್ನು ಆ ದಿನದೊಳಗೆ ಮುಗಿದಿರಬೇಕು ಅಂತ ಓದುತ್ತೇನೆ. ಫೋನಿನಲ್ಲಿ ಒಂದು ತಿಂಗಳು ಮುಂಚೆ ಒಂದು, ಹತ್ತು ದಿನ ಮುಂಚೆ ಒಂದು ರಿಮೈಂಡರ್ ಇಟ್ಟಿದ್ದೇನೆ. ಮೊದಲನೆಯದು ಅಪಾಯಿಂಟ್‌ಮೆಂಟಿಗೆ, ಎರಡನೆಯದು ನಾಯಿಗೆ ಅಷ್ಟರಲ್ಲಿ ಏನಾದರೂ ಕಾಯಿಲೆ ಬಂದರೆ ಮುಂದೂಡಲು ಜಾಗ ಇರಲಿ ಅಂತ. ಲೆಪ್ಟೋವನ್ನು ಒಂದೆರಡು ವಾರ ಮುಂಚೆ ಹಾಕಿಸಿದರೆ ಏನೂ ನಷ್ಟವಿಲ್ಲ.

ರಿಮೈಂಡರಿನ ಹೆಸರಿನಲ್ಲಿ 'ಗುಂಡನ ವ್ಯಾಕ್ಸಿನ್' ಅಂತ ಬರೆಯಬೇಡಿ. 'ಗುಂಡ, ಲೆಪ್ಟೋ' ಅಂತ ಬರೆಯಿರಿ. ಈ ಒಂದು ಪದ ನನಗೆ ಅರ್ಧ ಗೊಂದಲ ಕಳೆದಿದೆ. ಕಾರ್ಡಿನ ಪ್ರತಿ ಪುಟದ ಫೋಟೋ ತೆಗೆದು ಮನೆಯ ಇನ್ನೊಬ್ಬರ ಫೋನಿನಲ್ಲೂ ಇರಲಿ. ಕಾರ್ಡ್ ಕಳೆಯುವುದು, ನೆನೆಯುವುದು, ನಾಯಿಯೇ ಕಚ್ಚಿ ಹರಿಯುವುದು, ಎಲ್ಲ ಆಗುವಂಥದ್ದೇ.

ಎರಡು ಬೇರೆ ಲಸಿಕೆಗಳನ್ನು ಒಂದೇ ದಿನ ಹಾಕಬಹುದು. ಬೇರೆ ದಿನ ಹಾಕುವುದಾದರೆ ನಡುವೆ ಕನಿಷ್ಠ 2 ವಾರ ಬಿಡುವುದು ಒಳ್ಳೆಯದು. ಸೋಮವಾರ ಒಂದು, ಗುರುವಾರ ಒಂದು ಅಂತ ಹಾಕಿಸಿದರೆ ಮೊದಲನೆಯದು ಎರಡನೆಯದರ ಕೆಲಸಕ್ಕೆ ಅಡ್ಡ ಬರಬಹುದು.

ಹೆಜ್ಜೆ 5: ಹಿಂದಿನ ದಿನ ಮತ್ತು ಕ್ಲಿನಿಕ್ಕಿನಲ್ಲಿ

ಲಸಿಕೆ ಆರೋಗ್ಯವಾಗಿರುವ ನಾಯಿಗೆ. ಹಿಂದಿನ ಎರಡು ದಿನ ಊಟ, ಮಲ, ಓಡಾಟ ಗಮನಿಸಿ. ವಾಂತಿ, ಭೇದಿ, ಕೆಮ್ಮು, ಸಪ್ಪೆ ಮೋರೆ ಇದ್ದರೆ ಹೋಗಿ ತೋರಿಸಿ, ಆದರೆ ಲಸಿಕೆಗೆ ಅಂತಲ್ಲ, ಕಾಯಿಲೆಗೆ ಅಂತ. ನಾಯಿಯ ಮೈ ಬಿಸಿ ಸಹಜವಾಗಿಯೇ ನಮಗಿಂತ ಹೆಚ್ಚು, 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಮುಟ್ಟಿ ನೋಡಿ ಜ್ವರ ಅಂತ ತೀರ್ಮಾನಿಸಬೇಡಿ, ಥರ್ಮಾಮೀಟರ್ ಹೇಳಲಿ. ಅಲರ್ಜಿಗೆ ಸ್ಟೀರಾಯ್ಡ್ ಮಾತ್ರೆ ನಡೆಯುತ್ತಿದ್ದರೆ, ಕ್ಯಾನ್ಸರ್ ಚಿಕಿತ್ಸೆ ಇದ್ದರೆ, ಹೆಣ್ಣು ನಾಯಿ ಗಬ್ಬವಿದ್ದರೆ, ಹಿಂದಿನ ಸಲ ಲಸಿಕೆಗೆ ಮುಖ ಊದಿದ್ದರೆ ಒಳಗೆ ಹೋಗುತ್ತಲೇ ಹೇಳಿಬಿಡಿ. ಕೇಳಲಿ ಅಂತ ಕಾಯಬೇಡಿ.

ಟೇಬಲ್ ಮೇಲೆ ನಾಯಿಯನ್ನು ಹತ್ತಿಸಿದ ಮೇಲೆ ಮೊದಲು ಪರೀಕ್ಷೆ ಆಗಬೇಕು: ಹೃದಯ, ಶ್ವಾಸ, ಹಲ್ಲು, ಕಿವಿ, ತೂಕ. ನಿಜ ಹೇಳಬೇಕೆಂದರೆ ವಯಸ್ಸಾದ ನಾಯಿಗೆ ವರ್ಷದ ಆ ಹತ್ತು ನಿಮಿಷದ ಪರೀಕ್ಷೆ ಸೂಜಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಬಾಗಿಲಲ್ಲೇ ಚುಚ್ಚಿ ಕಳಿಸುವ ಜಾಗವಾದರೆ ನಾನು ಇನ್ನೊಂದು ಜಾಗ ಹುಡುಕುತ್ತೇನೆ.

ಆಮೇಲೆ ನೋಡಬೇಕಾದ್ದು ಬಾಟಲಿ. ಫ್ರಿಜ್ಜಿನಿಂದ ಹೊರಬಂತೇ? ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು. ಬಿಸಿ ತಾಗಿದರೆ ಜೀವಂತ ಲಸಿಕೆ ಸಾಯುತ್ತದೆ, ದ್ರವರೂಪದ ಕೊಂದ ಲಸಿಕೆ ಹೆಪ್ಪುಗಟ್ಟಿದರೆ ಕೆಡುತ್ತದೆ. ಬಿಲ್ಲೆಗೆ ದ್ರವ ಬೆರೆಸುವುದು ನಿಮ್ಮ ಕಣ್ಣೆದುರೇ ಆಗಲಿ, ಬೆರೆಸಿದ ಮೇಲೆ ಹೆಚ್ಚು ಹೊತ್ತು ಇಡುವಂತಿಲ್ಲ. ಬೆಳಿಗ್ಗೆಯೇ ಸಿರಿಂಜಿನಲ್ಲಿ ತುಂಬಿಟ್ಟದ್ದನ್ನು ಸಂಜೆ ಚುಚ್ಚಿಸಿಕೊಂಡು ಬಂದರೆ ನಾಯಿಗೆ ನೋವಷ್ಟೇ ಲಾಭ. ಅಂಗಡಿಯಿಂದ ಲಸಿಕೆ ತಂದು ಮನೆಯಲ್ಲೇ ಚುಚ್ಚುವುದನ್ನು ನಾನು ಒಪ್ಪದಿರುವುದಕ್ಕೆ ಕಾರಣವೂ ಇದೇ. ದಾರಿಯಲ್ಲಿ ತಂಪು ಉಳಿದಿತ್ತೇ ಅಂತ ಹೇಳುವವರಿಲ್ಲ, ಅಲರ್ಜಿಯಾದರೆ ಕೈಯಲ್ಲಿ ಔಷಧಿ ಇಲ್ಲ, ಸಹಿ ಇಲ್ಲದ ರೇಬೀಸ್ ಲಸಿಕೆಗೆ ಕಾಗದದ ಬೆಲೆಯೂ ಇಲ್ಲ.

"ನಮ್ಮದು ಪುಟ್ಟ ನಾಯಿ, ಅರ್ಧ ಡೋಸ್ ಹಾಕಿ" ಅಂತ ಕೇಳಬೇಡಿ. ಲಸಿಕೆ ಮಾತ್ರೆಯಂತೆ ತೂಕ ನೋಡಿ ಕೊಡುವುದಲ್ಲ. ದೇಹಕ್ಕೆ ಪಾಠ ಕಲಿಸಲು ಇಂತಿಷ್ಟು ಬೇಕೇ ಬೇಕು. 2 ಕಿಲೋ ನಾಯಿಗೂ 50 ಕಿಲೋ ನಾಯಿಗೂ ಒಂದೇ ಡೋಸ್. ಪುಟ್ಟ ತಳಿಗಳಲ್ಲಿ ಒಂದೇ ದಿನ ಹಲವು ಲಸಿಕೆ ಹಾಕಿದಾಗ ಅಡ್ಡಪರಿಣಾಮ ತುಸು ಹೆಚ್ಚು ಅನ್ನುವುದು ನಿಜ. ಅದಕ್ಕೆ ಮದ್ದು ಡೋಸ್ ಅರ್ಧ ಮಾಡುವುದಲ್ಲ, ಲಸಿಕೆಗಳನ್ನು ಕೆಲವು ವಾರಗಳ ಅಂತರದಲ್ಲಿ ಬೇರೆ ಬೇರೆ ದಿನ ಹಾಕಿಸುವುದು.

ಸ್ಟಿಕ್ಕರ್ ಅಂಟಿಸಿ, ಸಹಿ ಹಾಕಿ, ಮುಂದಿನ ದಿನ ಬರೆಯುವವರೆಗೆ ಟೇಬಲ್ ಬಿಟ್ಟು ಕದಲಬೇಡಿ. ನಂತರ ಅರ್ಧ ಗಂಟೆ ಕ್ಲಿನಿಕ್ಕಿನ ಹೊರಗೆ ಅಡ್ಡಾಡಿ. ಗಂಭೀರ ಅಲರ್ಜಿ ಬಂದರೆ ಹೆಚ್ಚಾಗಿ ಬೇಗನೆ ಬರುತ್ತದೆ.

ಹೆಜ್ಜೆ 6: ಮನೆಗೆ ಬಂದ ಮೇಲೆ

ಒಂದೆರಡು ದಿನ ಮಂಕಾಗಿರುವುದು, ಊಟ ಅರ್ಧ ಬಿಡುವುದು, ಚುಚ್ಚಿದ ಜಾಗ ಮುಟ್ಟಿದರೆ ಕುಂಯ್ ಅನ್ನುವುದು ಸಾಮಾನ್ಯ. ಆ ಜಾಗದಲ್ಲಿ ಕಡಲೆಕಾಳಿನಷ್ಟು ಗಂಟು ಬಂದು ಒಂದೆರಡು ವಾರದಲ್ಲಿ ಕರಗಬಹುದು. ಕರಗದೆ ಬೆಳೆಯುತ್ತಿದ್ದರೆ ತೋರಿಸಿ. ಮೂಗಿಗೆ ಹನಿ ಹಾಕಿಸಿದ್ದರೆ ಕೆಲವು ದಿನ ಸೀನಬಹುದು. ಆ ಹನಿಯಲ್ಲಿರುವುದು ಜೀವಂತ ಬ್ಯಾಕ್ಟೀರಿಯಾ ಆದ್ದರಿಂದ ಮನೆಯಲ್ಲಿ ರೋಗನಿರೋಧಕ ಶಕ್ತಿ ತೀರಾ ಕಡಿಮೆಯಿರುವವರು ಇದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು. ನೋವಿಗೆ ಅಂತ ಮನುಷ್ಯರ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಲೇಬೇಡಿ.

ಮುಖ, ಕಣ್ಣಿನ ಸುತ್ತ ಊದಿಕೊಂಡರೆ, ಮೈಯೆಲ್ಲ ದದ್ದು ಎದ್ದರೆ, ಮತ್ತೆ ಮತ್ತೆ ವಾಂತಿಯಾದರೆ, ಉಸಿರಾಟ ಕಷ್ಟವಾದರೆ, ಒಸಡು ಬಿಳಿಚಿ ನಾಯಿ ಕುಸಿದರೆ ಫೋನ್ ಮಾಡುತ್ತಾ ಕೂರದೆ ಎತ್ತಿಕೊಂಡು ಓಡಿ. ಇದು ಬಹಳ ಅಪರೂಪ, ಆದರೆ ಬಂದಾಗ ಲೆಕ್ಕ ನಿಮಿಷಗಳಲ್ಲಿ.

ರಕ್ಷಣೆ ಅದೇ ದಿನ ಶುರುವಾಗುವುದಿಲ್ಲ ಅನ್ನುವುದೂ ನೆನಪಿರಲಿ. ಮೊದಲ ಸಲದ ಲೆಪ್ಟೋ ಎರಡನೇ ಡೋಸ್ ಆಗಿ ಕೆಲವು ವಾರ ಕಳೆಯುವವರೆಗೆ ಪೂರ್ತಿ ಬಲ ಪಡೆಯುವುದಿಲ್ಲ. ಮಳೆಗಾಲ ಬರುವ ಮುಂಚೆಯೇ ಮುಗಿಸಿ ಅನ್ನುವುದು ಅದಕ್ಕೇ.

ಹೆಜ್ಜೆ 7: ದಿನ ದಾಟಿಹೋಯ್ತು, ಈಗೇನು?

ಈ ಪ್ರಶ್ನೆಗೂ ಒಂದೇ ಉತ್ತರ ಇಲ್ಲ, ಗಡಿಯಾರ ನೋಡಿ ಹೇಳಬೇಕು. ಡಿಸ್ಟೆಂಪರ್, ಅಡಿನೋ, ಪಾರ್ವೋ ಮರಿಯಲ್ಲಿ ಸರಿಯಾಗಿ ಆಗಿದ್ದು, ಬೂಸ್ಟರ್ ವರ್ಷ ದಾಟಿದ್ದರೆ ಒಂದು ಡೋಸ್ ಸಾಕು, ಮೊದಲಿಂದ ಶುರು ಮಾಡಬೇಕಿಲ್ಲ. ದೇಹ ಮರೆತಿರುವುದಿಲ್ಲ. ಮರಿಯ ಸರಣಿಯ ನಡುವೆಯೇ ತಪ್ಪಿದ್ದರೆ ತಕ್ಷಣ ಮುಂದುವರಿಸಿ, 16 ವಾರದ ನಿಯಮ ಪಾಲಿಸಿ.

ಲೆಪ್ಟೋ ಕೆಲವೇ ವಾರ ತಡವಾಗಿದ್ದರೆ ಸಾಮಾನ್ಯವಾಗಿ ಒಂದೇ ಡೋಸ್. ತಿಂಗಳುಗಟ್ಟಲೆ ದಾಟಿದ್ದರೆ ಮತ್ತೆ ಎರಡು ಡೋಸಿನಿಂದ ಶುರು. ಗೆರೆ ಎಲ್ಲಿ ಅನ್ನುವುದು ಲಸಿಕೆಯ ಲೇಬಲ್ ನೋಡಿ ವೈದ್ಯರು ನಿರ್ಧರಿಸುವ ವಿಷಯ. ನನ್ನ ಆ ದಾಖಲೆಯಿಲ್ಲದ ಕಾರ್ಡಿನ ದೆಸೆಯಿಂದ ಗುಂಡ ಐದನೇ ವರ್ಷದಲ್ಲಿ ಮರಿಯಂತೆ ಎರಡು ಸಲ ಚುಚ್ಚಿಸಿಕೊಂಡ.

ರೇಬೀಸ್‌ನಲ್ಲಿ ದೇಹ ನೆನಪಿಟ್ಟರೂ ಕಾನೂನು ಮರೆಯುತ್ತದೆ. ಹಿಂದೆ ಆದ ನಾಯಿಗೆ ಒಂದು ಡೋಸಿಗೇ ಪ್ರತಿಕಾಯ ಏರುತ್ತದೆ. ಆದರೆ ಯುರೋಪಿಯನ್ ಒಕ್ಕೂಟದ ಪ್ರಯಾಣ ನಿಯಮದಲ್ಲಿ ಒಂದು ದಿನ ತಡವಾದರೂ ಅದು ಹೊಸದಾಗಿ ಹಾಕಿದ ಮೊದಲ ಲಸಿಕೆ ಅಂತಲೇ ಲೆಕ್ಕ, ಮತ್ತೆ 21 ದಿನ ಕಾಯಬೇಕು. ನಾಯಿಯ ಜೊತೆ ದೇಶ ದಾಟುವವರು ಇನ್ನೊಂದನ್ನೂ ಗಮನಿಸಬೇಕು. 15 ಅಂಕಿಯ ಮೈಕ್ರೋಚಿಪ್ ಮೊದಲು, ರೇಬೀಸ್ ಲಸಿಕೆ ಆಮೇಲೆ. ಹಿಂದುಮುಂದಾದರೆ ಆ ಲಸಿಕೆ ಲೆಕ್ಕಕ್ಕಿಲ್ಲ. ಕೆಲವು ದೇಶಗಳಿಂದ ಹೋಗುವಾಗ ರಕ್ತ ಪರೀಕ್ಷೆಯೂ ಬೇಕು. ಲಸಿಕೆಯಾಗಿ ಕನಿಷ್ಠ 30 ದಿನದ ಮೇಲೆ ರಕ್ತ ತೆಗೆದು, ಪ್ರತಿಕಾಯ ಪ್ರತಿ ಎಂ.ಎಲ್‌ಗೆ ಕನಿಷ್ಠ 0.5 ಅಂತರರಾಷ್ಟ್ರೀಯ ಯೂನಿಟ್ ಇರಬೇಕು, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಟಿಕೆಟ್ ಬುಕ್ ಮಾಡುವ ಮುಂಚೆ ಆರೇಳು ತಿಂಗಳ ಲೆಕ್ಕ ಹಾಕಿಕೊಳ್ಳಿ.

ಹೆಜ್ಜೆ 8: ರಕ್ತ ಪರೀಕ್ಷೆ ಮಾಡಿಸಿ ಬೂಸ್ಟರ್ ಬಿಡಬಹುದೇ?

ಟೈಟರ್ ಪರೀಕ್ಷೆ ಅಂದರೆ ರಕ್ತದಲ್ಲಿ ಪ್ರತಿಕಾಯ ಇದೆಯೇ ಅಂತ ನೋಡುವುದು. ಡಿಸ್ಟೆಂಪರ್, ಅಡಿನೋ, ಪಾರ್ವೋ ಮೂರಕ್ಕೆ ಇದು ನಂಬಬಹುದಾದ ಪರೀಕ್ಷೆ. ಪಾಸಿಟಿವ್ ಬಂದರೆ ಆ ಮೂರರ ಬೂಸ್ಟರ್ ಮುಂದೂಡಬಹುದು. ಹಿಂದೆ ಅಲರ್ಜಿಯಾದ ನಾಯಿ, ಕಾಯಿಲೆಯ ಮುದಿ ನಾಯಿ, ಕಾರ್ಡ್ ಕಳೆದ ನಾಯಿಗೆ ಒಳ್ಳೆಯ ದಾರಿ. ಮರಿಗೆ ಕೊನೆಯ ಡೋಸ್ ಆಗಿ ನಾಲ್ಕು ವಾರದ ಮೇಲೆ ಮಾಡಿಸಿದರೆ ಲಸಿಕೆ ಹಿಡಿದಿದೆಯೋ ಇಲ್ಲವೋ ಅಂತಲೂ ತಿಳಿಯುತ್ತದೆ. ಲೆಪ್ಟೋಗೆ ಈ ಪರೀಕ್ಷೆ ಉಪಯೋಗವಿಲ್ಲ: ಅದರ ಪ್ರತಿಕಾಯ ಬೇಗ ಇಳಿಯುತ್ತದೆ, ಇಳಿದಾಕ್ಷಣ ರಕ್ಷಣೆ ಹೋಯ್ತು ಅಂತಲೂ ಅಲ್ಲ. ರೇಬೀಸ್ ಟೈಟರ್ ಪ್ರಯಾಣಕ್ಕೆ ಬೇಕಾಗುತ್ತದೆಯೇ ಹೊರತು ಬೂಸ್ಟರ್ ಬದಲಿಗೆ ಕಾನೂನು ಸಾಮಾನ್ಯವಾಗಿ ಅದನ್ನು ಒಪ್ಪುವುದಿಲ್ಲ.

ಗುಂಡನಿಗೀಗ 11. ಹೋದ ವರ್ಷ ಟೈಟರ್ ಮಾಡಿಸಿದೆವು, ಮೂರೂ ಪಾಸಿಟಿವ್. ಆ ಚುಚ್ಚುಮದ್ದು ಬಿಟ್ಟೆವು, ಲೆಪ್ಟೋ ಮತ್ತು ರೇಬೀಸ್ ಬಿಡಲಿಲ್ಲ. 'ವಯಸ್ಸಾಯ್ತಲ್ಲ, ಇನ್ನು ಯಾಕೆ' ಅನ್ನುವುದು ಕೇಳಲು ಕರುಣೆಯ ಮಾತು. ಆದರೆ ಇಲಿಜ್ವರಕ್ಕೆ ಕಿಡ್ನಿ ಕಳೆದುಕೊಳ್ಳುವ ಅಪಾಯ ಮುದಿ ನಾಯಿಗೆ ಕಡಿಮೆ ಆಗುವುದಿಲ್ಲ.

ಹೆಜ್ಜೆ 9: ಕಚ್ಚಿಸಿಕೊಂಡು ಬಂದರೆ

ನಿಮ್ಮ ನಾಯಿಗೆ ಹುಚ್ಚು ಹಿಡಿದಿರಬಹುದಾದ ಪ್ರಾಣಿ ಕಚ್ಚಿದರೆ, ಬೂಸ್ಟರ್ ನಿನ್ನೆ ತಾನೇ ಆಗಿದೆ ಅಂತ ಸುಮ್ಮನಿರಬೇಡಿ. ಗ್ಲೌಸ್ ಹಾಕಿಕೊಂಡು ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ, ಅದೇ ದಿನ ವೈದ್ಯರ ಬಳಿ ಹೋಗಿ. ಲಸಿಕೆ ಚಾಲ್ತಿಯಲ್ಲಿರುವ ನಾಯಿಗೆ ತಕ್ಷಣ ಇನ್ನೊಂದು ಡೋಸ್ ಹಾಕಿ, ಕೆಲವು ವಾರ ಮನೆಯಲ್ಲೇ ನಿಗಾದಲ್ಲಿಡಲು ಹೇಳುತ್ತಾರೆ. ಲಸಿಕೆಯೇ ಆಗಿರದ ನಾಯಿಯ ಪಾಡು ಬೇರೆ. ತಿಂಗಳುಗಟ್ಟಲೆ ಕಟ್ಟುನಿಟ್ಟಾದ ಪ್ರತ್ಯೇಕವಾಸ, ಇಲ್ಲವೇ ದಯಾಮರಣ ಅನ್ನುವ ನಿಯಮ ಇರುವ ದೇಶಗಳಿವೆ. ಆ ಹೊತ್ತಿನಲ್ಲಿ ಎರಡರ ನಡುವಿನ ವ್ಯತ್ಯಾಸ ಕಾರ್ಡಿನಲ್ಲಿರುವ ಒಂದು ಸ್ಟಿಕ್ಕರ್.

ನಿಮ್ಮ ನಾಯಿಯೇ ಯಾರಿಗಾದರೂ ಕಚ್ಚಿದರೆ, ಲಸಿಕೆ ಆಗಿದ್ದರೂ ಅವರು ಗಾಯ ತೊಳೆದುಕೊಂಡು ಡಾಕ್ಟರ ಬಳಿ ಹೋಗಲೇಬೇಕು, ನಾಯಿಯನ್ನು 10 ದಿನ ಗಮನದಲ್ಲಿಡಬೇಕು. ಕಾರ್ಡಿನ ಫೋಟೋವನ್ನು ಅವರಿಗೆ ಆಗಲೇ ಕಳಿಸಿಬಿಡಿ, ಅವರ ಡಾಕ್ಟರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದು.